ಬಟ್ಟೆ ತೊಟ್ಟ ಜೋಡಿ

ಸಂಪಾದಕರು ನನ್ನ ಸುಡೊಕು ಅಂಕಣದ ಹಾಳೆಯನ್ನು ಸತ್ತ ಜಿರಳೆಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು.

"ಥೂ! ಏನ್ರೀ ಇದು, ಬೆತ್ತಲೆ ಜೋಡಿ?"

"ತಂತ್ರದ ಹೆಸರು ಸಾರ್. ಒಂದು ಸಾಲಿನ ಎರಡು ಮನೆಗಳಲ್ಲಿ ನಾಲ್ಕು, ಒಂಬತ್ತು ಬಿಟ್ಟು ಬೇರೇನೂ ಕೂರಲ್ಲ ಅಂದ್ರೆ, ಉಳಿದ ಮನೆಗಳಿಂದ ಆ ಎರಡನ್ನೂ ಹೊಡೆದುಹಾಕಬಹುದು. ಜೋಡಿ ಮರೆಯಿಲ್ಲದೆ ಎದುರಿಗೇ ಕಾಣುತ್ತೆ, ಅದಕ್ಕೇ ಬೆತ್ತಲೆ. ಬೇರೆ ಅಂಕಿಗಳ ಮರೆಯಲ್ಲಿದ್ರೆ ಅಡಗಿದ ಜೋಡಿ. ಅದನ್ನ ಹೋದ ವಾರವೇ ಬರೆದೆ."

"ಎರಡು ಮನೆಯಲ್ಲಿ ಬೇರೆ! ನಮ್ಮಮ್ಮನಿಗೆ ಎಂಬತ್ತೆರಡು ವರ್ಷ ಕಣ್ರೀ. ದಿನಾ ಪೂಜೆ ಮುಗಿಸಿ ನಿಮ್ಮ ಸುಡೊಕು ಬಿಡಿಸೋಕೆ ಕೂರ್ತಾರೆ. ಅವರು ಈ ಹೊಲಸು ಓದಬೇಕಾ?"

ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿ, ಮೇಲೆ 'ಬಟ್ಟೆ ತೊಟ್ಟ ಜೋಡಿ' ಎಂದು ತಾವೇ ಬರೆದರು. ಅದರ ಕೆಳಗೆ ಅಚ್ಚಾಗುವುದು ನನ್ನ ಹೆಸರಲ್ಲವೇ?

ಮರುದಿನ ಪತ್ರಿಕೆಯಲ್ಲಿ ಹಾಗೇ ಬಂತು. ನಾನು ಜಗಳಕ್ಕೆಂದೇ ಅವರ ಕೋಣೆಗೆ ಹೋಗಿ ಕೂತಿದ್ದಾಗ ಅವರ ಫೋನ್ ಹೊಡೆದುಕೊಂಡಿತು.

"ನಮ್ಮಮ್ಮನೇ! ನೀವೂ ಕೇಳಿ," ಎಂದು ಗೆದ್ದವರಂತೆ ಸ್ಪೀಕರ್ ಒತ್ತಿದರು.

"ಲೋ, ಇವತ್ತಿನ ತಂತ್ರಕ್ಕೆ ಹೆಸರಿಟ್ಟ ಮುಠ್ಠಾಳ ಯಾರೋ? ಅಸಹ್ಯ! ಬಟ್ಟೆ ತೊಡಿಸಿದ್ರೆ ಅದು ಹೋದ ವಾರದ ಅಡಗಿದ ಜೋಡಿ ಆಗಿಬಿಡಲ್ವೇನೋ? ಅರ್ಧ ಗಂಟೆ ತಪ್ಪುತಪ್ಪಾಗಿ ಬಿಡಿಸಿದೆ. ಬೆತ್ತಲೆಯಾಗಿರೋದನ್ನ ಬೆತ್ತಲೆ ಅನ್ನೋಕೆ ಅವನಿಗೇನು ಧಾಡಿ?"