ಒಮ್ಮೆ ಕೊಂಡರೆ ಮುಗಿಯಿತು

ಗದಗಿನ ಸ್ಟೇಶನ್ ರಸ್ತೆಯ ಅಂಗಡಿಯೊಂದರಲ್ಲಿ ನೀಲಾಂಬಿಕಾ ಬಹಳ ಹೊತ್ತಿನಿಂದ ಫೋಟೊ ತಿದ್ದುವ ಸಾಫ್ಟ್‌ವೇರ್‌ಗಳನ್ನು ನೋಡುತ್ತ ನಿಂತಿದ್ದಳು. ಫೋಟೊದಿಂದ ಯಾರನ್ನಾದರೂ ಅಳಿಸಿದರೆ ಮನೆಮಂದಿಯ ನೆನಪಿನಿಂದಲೂ ಅವರು ಅಳಿಸಿಹೋಗುತ್ತಿದ್ದ ಕಾಲವದು. ಅಳಿಸಿದವರಿಗೆ ಮಾತ್ರ ಎಲ್ಲವೂ ನೆನಪಿರುತ್ತಿತ್ತು.

ಮಗಳು ಸುಗಂಧಾ ಜ್ವರದಿಂದ ತೀರಿಕೊಂಡ ಮೇಲೆ ಗಂಡ ಶಿವಪುತ್ರ ಅನ್ನ ನೀರು ಬಿಟ್ಟಿದ್ದ. ಅದನ್ನು ನೋಡಲಾರದೆ ನೀಲಾಂಬಿಕಾ ಅಂಥದೊಂದು ಸಾಫ್ಟ್‌ವೇರ್‌ಗೆ ತಿಂಗಳ ಚಂದಾ ಕಟ್ಟಿ, ಮನೆಯ ಫೋಟೊದಿಂದ ಮಗಳನ್ನು ಅಳಿಸಿದ್ದಳು. ಆದರೆ ತಿಂಗಳು ತಿಂಗಳು ಕಟ್ಟುವುದು ಅವಳ ಕೈಲಾಗುತ್ತಿರಲಿಲ್ಲ. ಚಂದಾ ಮುಗಿದಾಗಲೆಲ್ಲ ಮಗಳು ಫೋಟೊಗೆ ಮರಳುತ್ತಿದ್ದಳು. ಸಾವಿನ ಸುದ್ದಿ ಆಗಷ್ಟೇ ಬಂದಂತೆ ಶಿವಪುತ್ರ ಎದೆ ಬಡಿದುಕೊಳ್ಳುತ್ತಿದ್ದ.

“ಚಂದಾದ್ದು ಬ್ಯಾಡ್ರಿ. ಒಮ್ಮೆ ತಗೊಂಡ್ರ ಮುಗೀಬೇಕು, ಅಂಥಾದ್ದು ಕೊಡ್ರಿ,” ಎಂದಳು.

“ಅಗ್ಗದ್ದೊಂದು ಐತ್ರಿ ಅಕ್ಕಾರ,” ಎಂದ ಅಂಗಡಿಯವ. “ಆದ್ರ ಇದರಾಗ ಅಳಿಸಿದ್ದು ತಿರುಗಿ ಬರೂದಿಲ್ಲ. ವಿಚಾರ ಮಾಡ್ರಿ.”

“ಮಾಡೇ ಬಂದೇನ್ರಿ.”

ಅದನ್ನೇ ಕೊಂಡು ಮನೆಗೆ ಬಂದು, ಫೋಟೊಗೆ ಮತ್ತೆ ಮರಳಿದ್ದ ಮಗಳ ಮುಖವನ್ನು ಕಣ್ತುಂಬ ನೋಡಿದಳು. ಆಮೇಲೆ ಅಳಿಸಿದಳು.

ಸ್ವಲ್ಪ ಹೊತ್ತಿಗೆ ಶಿವಪುತ್ರ ಹಾಸಿಗೆಯಿಂದ ಎದ್ದುಬಂದ. ಮುಖ ತೊಳೆದು, ರೊಟ್ಟಿ ಕೇಳಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡ. ಕೈ ಒರೆಸಿಕೊಳ್ಳುತ್ತ ಮನೆಯನ್ನೆಲ್ಲ ಒಮ್ಮೆ ನೋಡಿದ.

“ನಮಗೂ ಒಂದು ಕೂಸು ಇದ್ದಿದ್ರ ಛೊಲೊ ಇತ್ತು ನೋಡು,” ಎಂದ.

“ಹೂಂ,” ಎಂದಳು ನೀಲಾಂಬಿಕಾ.

ಇನ್ನು ಆ ಮನೆಯಲ್ಲಿ ಸುಗಂಧಾಳ ಹೆಸರು ಹೇಳಿ ಅಳಲು ಅವಳಿಗೆ ಜೊತೆ ಯಾರೂ ಇರಲಿಲ್ಲ.