ಇಲ್ಲದ ಕೋಲು

ಕುರಿ ರೊಪ್ಪದ ಬಾಗಿಲಲ್ಲಿ ಗ್ಯಾರಪ್ಪನ ಕಾಲು ನೆಲಕ್ಕೆ ಅಂಟಿಕೊಂಡಿತು. ಹಿಂದೆ ಕುರಿಗಳು ಮೇವಿಗೆ ಹೋಗಲು ನೂಕಾಡುತ್ತಿದ್ದವು. ಇವತ್ತು ಹಿಂಡು ಹೊಡೆಯಲಾಗದಿದ್ದರೆ ನಾಳೆಯಿಂದ ಅದು ಅಳಿಯ ಜುಂಜೇಶನ ಕೈಗೆ ಎಂದು ಮನೆಯಲ್ಲಿ ಮಾತಾಗಿತ್ತು. ಗ್ಯಾರಪ್ಪನಿಗೆ ಭಯವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ; ಕಾಲು ಮಾತ್ರ ಏಳಲಿಲ್ಲ.

"ಲೇ ಗ್ಯಾರ, ಹಿರಿಯೂರ್ ಡಾಕ್ಟ್ರು ಏನಂದ್ರು?" ಎಂದಳು ಅಕ್ಕ ಕೆಂಚಕ್ಕ.

"ತಲೆಯಾಗೆ ಕೆಲವು ಜೀವಕಣ ಅವೆಯಂತಕ್ಕ. ಯಾರೂ ಹೇಳದಿದ್ರೂ ತಾವೇ ಮಿಡೀತಾವಂತೆ. ಮಿಡಿದಾಗೆಲ್ಲ ಸಣ್ಣ ಬಾಗ್ಲು ತೆಗ್ದು ಕ್ಯಾಲ್ಸಿಯಂ ಒಳಕ್ಕೆ ಬರ್ತೈತಂತೆ. ಅದನ್ನ ಹೊರಕ್ಕೆ ಹಾಕೀ ಹಾಕೀ ಸುಸ್ತಾಗಿ ಸಾಯ್ತಾವಂತೆ. ಅವು ಕೊಡೋ ಡೋಪಮೈನ್ ಅನ್ನೋ ರಸ ಇಲ್ದೆ ಕಾಲು ಏಳಲ್ವಂತೆ."

"ಅವು ಬಾಗ್ಲು ತೆಗ್ದು ತೆಗ್ದು ಸತ್ವು, ನೀನು ತೆಗ್ದ ಬಾಗ್ಲಾಗೇ ನಿಂತಿದೀಯ," ಎಂದು ಅವಳು ಅವನ ಕೈಯ ಕೋಲು ಕಿತ್ತು ಕಾಲ ಮುಂದೆ ಅಡ್ಡ ಇಟ್ಟಳು. "ದಾಟು, ಕುರಿ ದಾಟಿದಂಗೆ."

ದಾಟಲು ಕಣ್ಣೆದುರು ಏನೋ ಸಿಕ್ಕಿದ್ದೇ ಕಾಲು ಎದ್ದಿತು. ಅವನು ದಾಟಿದ. ಹಿಂದೆಯೇ ಕುರಿಗಳೂ ಕೋಲನ್ನು ಹಾರಿದವು. ಅರ್ಧ ಹಿಂಡು ಹೋದ ಮೇಲೆ ಕೆಂಚಕ್ಕ ಕೋಲನ್ನು ತೆಗೆದುಕೊಂಡಳು. ಉಳಿದವು ಬರಿ ನೆಲವನ್ನೇ ಹಾರಿದವು.

ಅದನ್ನು ನೋಡುತ್ತ ನಿಂತ ಗ್ಯಾರಪ್ಪನ ಕಾಲು ಮತ್ತೆ ಅಂಟಿತು. ಅವಳು ಕೋಲಿಡಲು ಬಗ್ಗಿದಳು.

"ಬ್ಯಾಡಕ್ಕ," ಎಂದು ಅವನು ಅಲ್ಲಿಲ್ಲದ ಕೋಲನ್ನು ದಾಟಿದ.