ವಾರಕ್ಕೊಂದು ಸೂಜಿ

ನಶೆ ಚುಚ್ಚಿಕೊಳ್ಳುವವರಿಗೆ ಪುಕ್ಕಟೆ ಹೊಸ ಸೂಜಿ ಕೊಡುತ್ತಿದ್ದ ಕೇಂದ್ರಕ್ಕೆ ಬೀಗ ಜಡಿಸಿ, ಬಡಾವಣೆ ಸಂಘದ ಅಧ್ಯಕ್ಷ ಚನ್ನವೀರಯ್ಯನವರು ಊರು ಉದ್ಧಾರ ಮಾಡಿದರು.

“ಹೊಸದು ಸಿಗದಿದ್ರೆ ಒಬ್ಬರು ಬಳಸಿದ್ದನ್ನೇ ಇನ್ನೊಬ್ಬರು ಚುಚ್ಕೋತಾರೆ ಸರ್, ಎಚ್‌ಐವಿ ಹರಡುತ್ತೆ,” ಎಂದು ಅಲ್ಲಿನ ನರ್ಸ್ ಗೋಗರೆದಳು.

“ಹರಡಲಿ ಬಿಡಮ್ಮ, ಮರ್ಯಾದಸ್ಥರಿಗೇನು? ದಿನಾ ಇನ್ಸುಲಿನ್ ತಗೊಳ್ಳೋ ನಾನೇ ಒಂದು ಸೂಜೀಲಿ ವಾರ ದೂಡ್ತೀನಿ. ಇವರಿಗೆ ಸಲಕ್ಕೊಂದು ಹೊಸದು ಬೇಕಾ?”

ಕೆಲವು ದಿನಗಳ ಬಳಿಕ, ಈ ಸಾಧನೆಗೆ ಸಂಘ ಹಾಕಿದ ಹಾರದ ಸಮೇತ ಮನೆಗೆ ಬಂದ ಅಧ್ಯಕ್ಷರು, ಫ್ರಿಜ್‌ನಲ್ಲಿದ್ದ ಸೂಜಿ ತೆಗೆದು ಇನ್ಸುಲಿನ್ ತುಂಬಿ ಹೊಟ್ಟೆಗೆ ಚುಚ್ಚಿಕೊಂಡರು. ಬಾಗಿಲಲ್ಲಿ ನಿಂತಿದ್ದ ಮಗ ಬಿಳಿಚಿಕೊಂಡ.

“ಅಪ್ಪಾ, ಅದು ಹೊಸ ಸೂಜಿನಾ?”

“ಹಳೇದೇ ಕಣೋ. ಇನ್ನೂ ಎರಡು ದಿನ ಬರುತ್ತೆ.”

“ಕೇಂದ್ರಕ್ಕೆ ಬೀಗ ಬಿದ್ಮೇಲೆ ನಾನೂ ನನ್ನ ಗೆಳೆಯರೂ ಚುಚ್ಕೋತಿರೋದು ಅದ್ರಲ್ಲೇ.”